ಕಾದು ಗೆದ್ದ ಪರಿಚಾರಿಕೆ

ಸೇವಾಸಂಸ್ಥೆಯನ್ನು ನಡೆಸಲು ಕರುಣೆಯೊಂದೇ ಸಾಲದು. ಜೊತೆಯಲ್ಲಿ ದುಡಿಯುವವರ ಮನಸ್ಸನ್ನು ಅರಿಯುವ ಬುದ್ಧಿಯೂ ಬೇಕು. ಫ್ಲಾರೆನ್ಸ್ ನೈಟಿಂಗೇಲಳನ್ನು ಜಗತ್ತು ಕರುಣೆಯ ಮೂರ್ತಿಯೆಂದು ಕೊಂಡಾಡುತ್ತದೆ. ಆಕೆಯ ಬುದ್ಧಿಯನ್ನು ನೆನೆಯುವವರು ವಿರಳ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಆಂಗ್ಲ ಮನೆತನದಲ್ಲಿ ಆಕೆ ಜನಿಸಿದಳು. 1853ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯಲ್ಲಿದ್ದ ಮಹಿಳೆಯರ ಚಿಕಿತ್ಸಾಲಯವೊಂದರ ಮೇಲ್ವಿಚಾರಣೆಯನ್ನು ವಹಿಸಿಕೊಂಡಳು. ಅಲ್ಲಿ ತಾನು ಬಯಸಿದ ಸುಧಾರಣೆಗಳನ್ನು ವೈದ್ಯರ ಸಲಹೆಗಳೆಂಬಂತೆ ಆಡಳಿತ ಸಮಿತಿಯ ಮುಂದೆ ಬರಮಾಡಿದಳು. ಹೆಸರು ಪರರಿಗೆ ಸಂದಿತು, ಕಾರ್ಯ ಕೈಗೂಡಿತು.

ಮರುವರ್ಷ ಕ್ರಿಮಿಯಾ ಯುದ್ಧದ ಗಾಯಾಳುಗಳ ಶುಶ್ರೂಷೆಗೆಂದು ಸಚಿವ ಸಿಡ್ನಿ ಹರ್ಬರ್ಟನು ಆಕೆಯನ್ನು 38 ಮಂದಿ ಪರಿಚಾರಿಕೆಯರೊಡನೆ ತುರ್ಕಿಯ ಸ್ಕುಟಾರಿಗೆ ಕಳುಹಿಸಿದನು. ಸೈನ್ಯದ ವೈದ್ಯರಿಗೆ ಈ ಹೆಂಗಸರ ಆಗಮನ ರುಚಿಸಲಿಲ್ಲ. ಸರ್ಕಾರದ ಅಧಿಕಾರಪತ್ರವು ಕೈಯಲ್ಲಿದ್ದರೂ ನೈಟಿಂಗೇಲಳು ಅದನ್ನು ಝಳಪಿಸಲಿಲ್ಲ. ವೈದ್ಯರು ಕರೆಯುವವರೆಗೆ ಯಾರೂ ರೋಗಿಗಳ ಬಳಿ ಸುಳಿಯಕೂಡದೆಂದು ತನ್ನವರನ್ನೇ ತಡೆದಳು. ಆಚೆ ನರಳುವ ಸೈನಿಕರು. ಈಚೆ ಪಟ್ಟಿ, ಅಂಗಿಗಳನ್ನು ಹೊಲಿಯುತ್ತ ಕುಳಿತ ಪರಿಚಾರಿಕೆಯರು. ಅವರಿಗೆ ಇದು ನಿರ್ದಯವೆಂದೇ ತೋರಿತು. ಆದರೆ ವೈದ್ಯರ ವಿಶ್ವಾಸವಿಲ್ಲದೆ ಒಳಹೊಕ್ಕರೆ ಮುಂದಿನ ಬಾಗಿಲುಗಳೆಲ್ಲವೂ ಮುಚ್ಚುವುವೆಂಬುದನ್ನು ಆಕೆ ಬಲ್ಲಳು. ನವೆಂಬರ್ 5ರ ಇಂಕರ್‌ಮನ್ ಕದನದ ತರುವಾಯ ಗಾಯಾಳುಗಳು ತಂಡೋಪತಂಡವಾಗಿ ಬಂದಾಗ, ವೈದ್ಯರೇ ನೆರವನ್ನು ಬೇಡಿದರು.

ಸೈನಿಕರು ಸಂಬಳವನ್ನೆಲ್ಲ ಕುಡಿತಕ್ಕೆ ಸುರಿಯುವರೆಂಬುದು ಅಧಿಕಾರಿಗಳ ದೃಢ ನಂಬಿಕೆ. ಮನೆಗೆ ಹಣ ಕಳುಹಿಸುವ ಸುಲಭ ಮಾರ್ಗವಿಲ್ಲದುದೇ ಇದಕ್ಕೆ ಕಾರಣವೆಂದು ಆಕೆ ಬಗೆದಳು. ಮೊದಲು ತಾನೇ ಆ ಹಣವನ್ನು ಸಂಗ್ರಹಿಸಿ ಕಳುಹಿಸಿದಳು. ಬಳಿಕ ಸರ್ಕಾರವು ಮನಿಯಾರ್ಡರ್ ಕಚೇರಿಗಳನ್ನು ತೆರೆಯಲು, ಆರು ತಿಂಗಳೊಳಗೆ 71,000 ಪೌಂಡು ಊರುಗಳನ್ನು ಸೇರಿತು. ಉಪದೇಶದಿಂದಾಗದುದು ಅನುಕೂಲತೆಯಿಂದಾಯಿತು.

ಸ್ಕುಟಾರಿಯ ಮರಣಸಂಖ್ಯೆ ಇಳಿದುದು 1855ರ ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುದ್ಧಗೊಳಿಸಿದ ಮೇಲೆಯೇ. ಊರಿಗೆ ಮರಳಿ ಅಂಕಿಅಂಶಗಳನ್ನು ಪರಿಶೀಲಿಸಿದಾಗ ಆಕೆಗೆ ಈ ಸತ್ಯ ಗೋಚರಿಸಿತು. ತನ್ನ ಕೀರ್ತಿಗೆ ಕುಂದೆಂದು ಬಗೆದು ಅದನ್ನು ಮರೆಮಾಡದೆ, ಸೈನ್ಯದ ಆರೋಗ್ಯಸುಧಾರಣೆಗೆ ಅದನ್ನೇ ಆಧಾರವಾಗಿಸಿದಳು.

1860ರಲ್ಲಿ ಲಂಡನ್ನಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಶುಶ್ರೂಷಾ ಶಾಲೆ ಆರಂಭವಾಯಿತು. 1910ರ ಆಗಸ್ಟ್ 13ರಂದು, ತೊಂಬತ್ತರ ಮುಪ್ಪಿನಲ್ಲಿ, ಆಕೆ ಕಣ್ಮುಚ್ಚಿದಳು. ದೀಪ ಹಿಡಿದು ನಡೆದ ಆಕೆಯ ಚಿತ್ರ ಎಲ್ಲರ ಕಣ್ಣಿನಲ್ಲಿದೆ. ಆ ಬಾಗಿಲಿನಾಚೆ ಕಾದು ಕುಳಿತ ದಿನಗಳೂ ನಮ್ಮ ನೆನಪಿನಲ್ಲಿರಬೇಕು.