ಕಾರ್ಟರ್ ಜಿ. ವುಡ್ಸನ್

ಕಾರ್ಟರ್ ಜಿ. ವುಡ್ಸನ್ (ಡಿಸೆಂಬರ್ 19, 1875 – ಏಪ್ರಿಲ್ 3, 1950) ಆಫ್ರಿಕನ್ ಅಮೆರಿಕನ್ನರ ಚರಿತ್ರೆಯನ್ನು ಜನಸಾಮಾನ್ಯರ ಬಳಿಗೆ ಕೊಂಡೊಯ್ದ ಅಮೆರಿಕದ ಇತಿಹಾಸಕಾರರು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ದಂಪತಿಯ ಮಗನಾಗಿ ವರ್ಜೀನಿಯಾದಲ್ಲಿ ಜನಿಸಿದ ಅವರು ಯೌವನದಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿದರು. ಬಿಡುವಿನಲ್ಲಿ ಅನಕ್ಷರಸ್ಥ ಕಾರ್ಮಿಕರಿಗೆ ವೃತ್ತಪತ್ರಿಕೆಗಳನ್ನು ಓದಿ ಹೇಳುತ್ತಿದ್ದರು. ಅಂತರ್ಯುದ್ಧದಲ್ಲಿ ಹೋರಾಡಿದ್ದ ಹಿರಿಯರಿಂದ ಅವರ ನೆನಪುಗಳನ್ನು ಕೇಳುತ್ತಿದ್ದರು. 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರೂ, ಅವರಿಗೆ ಇತಿಹಾಸದ ಮೊದಲ ಪಾಠಶಾಲೆ ಆ ಗಣಿಕಾರ್ಮಿಕರ ಕೂಟವೇ ಎನ್ನಬೇಕು. ಕಪ್ಪುಜನರಿಗೆ ಚರಿತ್ರೆಯೇ ಇಲ್ಲವೆಂಬ ಅಂದಿನ ಧೋರಣೆಯನ್ನು ಎದುರಿಸಲು 1915ರಲ್ಲಿ ಷಿಕಾಗೊದಲ್ಲಿ ಸಂಶೋಧನಾ ಸಂಘವನ್ನು ಸ್ಥಾಪಿಸಿದರು. 1926ರಲ್ಲಿ ‘ನೀಗ್ರೋ ಇತಿಹಾಸ ಸಪ್ತಾಹ’ವನ್ನು ಆರಂಭಿಸಿದಾಗ, ಆ ಸಮುದಾಯವು ಮೊದಲೇ ಆಚರಿಸುತ್ತಿದ್ದ ಲಿಂಕನ್ ಮತ್ತು ಫ್ರೆಡರಿಕ್ ಡಗ್ಲಾಸ್ ಜನ್ಮದಿನಗಳು ಬರುವ ಫೆಬ್ರವರಿಯ ವಾರವನ್ನೇ ಆರಿಸಿಕೊಂಡರು. ಶಾಲೆಗಳೂ ಚರ್ಚುಗಳೂ ಅದನ್ನು ತಮ್ಮದಾಗಿಸಿಕೊಂಡವು. 1976ರಲ್ಲಿ ಅದು ಇಡೀ ತಿಂಗಳಿಗೆ ವಿಸ್ತರಿಸಿತು.