ಜೇಬಿನೊಳಗಿನ ಸೂಜಿ

ನಮ್ಮ ಗಣಿತದ ಪೇಪರ್‌ನಲ್ಲಿ ಕೋರಿಲೇಷನ್, ರಿಗ್ರೆಷನ್ ಅಂತ ಒಂದು ಮಾಡ್ಯೂಲ್ ಬರುತ್ತೆ. ಫಾರ್ಮುಲಾ ಬಾಯಿಪಾಠ ಮಾಡಿ ಟೇಬಲ್ ತುಂಬಿದ್ರೆ ಮಾರ್ಕ್ಸ್ ಗ್ಯಾರಂಟಿ ಅಂತ ಸೀನಿಯರ್ಸ್ ಹೇಳ್ತಾರೆ. ಆ ಎರಡೂ ಪದಗಳನ್ನು ಸಂಖ್ಯಾಶಾಸ್ತ್ರದಲ್ಲಿ ಬೇರೂರಿಸಿದವನು ಫ್ರಾನ್ಸಿಸ್ ಗಾಲ್ಟನ್. ಅದೇ ಮನುಷ್ಯ ಜೇಬಿನಲ್ಲಿ ಒಂದು ಸೂಜಿ, ಒಂದು ಚೂರು ಕಾಗದ ಇಟ್ಟುಕೊಂಡು ಬ್ರಿಟನ್ನಿನ ಊರುಗಳಲ್ಲಿ ಓಡಾಡುತ್ತಾ, ರಸ್ತೆಯಲ್ಲಿ ಎದುರಾದ ಹೆಣ್ಣುಮಕ್ಕಳ ಅಂದಕ್ಕೆ ಅವರಿಗೇ ಗೊತ್ತಾಗದಂತೆ ಗ್ರೇಡ್ ಕೊಡುತ್ತಿದ್ದ ಅಂದ್ರೆ ನಂಬ್ತೀರಾ? ಸೌಂದರ್ಯ ಸ್ಪರ್ಧೆಗಳ ಬಗ್ಗೆ ಮಾತಾಡುವಾಗ ಕಿರೀಟ, ರ‍್ಯಾಂಪ್, ಕ್ಯಾಮೆರಾ ಎಲ್ಲ ನೆನಪಾಗುತ್ತೆ. ಈ ಸೂಜಿಯ ಕಥೆ ಮಾತ್ರ ಯಾರೂ ಹೇಳಲ್ಲ.

ಗಾಲ್ಟನ್ ಹುಟ್ಟಿದ್ದು 1822ರ ಫೆಬ್ರವರಿ 16ರಂದು, ಬರ್ಮಿಂಗ್‌ಹ್ಯಾಮ್‌ನಲ್ಲಿ. ಬಂದೂಕು ತಯಾರಿಕೆ, ಬ್ಯಾಂಕು ಅಂತ ದುಡ್ಡು ಮಾಡಿದ ಮನೆತನ. ತಾಯಿಯ ಕಡೆಯಿಂದ ಇರಾಸ್ಮಸ್ ಡಾರ್ವಿನ್‌ನ ಮೊಮ್ಮಗ, ಅಂದ್ರೆ ವಿಕಾಸವಾದದ ಚಾರ್ಲ್ಸ್ ಡಾರ್ವಿನ್‌ಗೆ ಸಂಬಂಧದಲ್ಲಿ ತಮ್ಮ. ಮನೆಗೆ ಕೊನೆಯ ಮಗು. ಅಕ್ಕ ಅಡೆಲ್ ಹಾಸಿಗೆ ಹಿಡಿದಿದ್ದವಳು. ತಮ್ಮನಿಗೆ ಪಾಠ ಹೇಳೋದೇ ಅವಳ ಬದುಕಾಗಿತ್ತು. ಎರಡೂವರೆ ವರ್ಷಕ್ಕೆ ಹುಡುಗ ಪುಸ್ತಕ ಓದುತ್ತಿದ್ದ. ಇವನು ಮಹಾ ಬುದ್ಧಿವಂತ ಅಂತ ಮನೆಯವರೆಲ್ಲ ಅವತ್ತೇ ತೀರ್ಮಾನ ಮಾಡಿಬಿಟ್ಟರು.

ಮೊದಲು ವೈದ್ಯಕೀಯ ಓದಿದ, ಆಮೇಲೆ ಗಣಿತಕ್ಕೆ ಅಂತ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿದ. ಅಲ್ಲಿನ ಗಣಿತ ಆನರ್ಸ್ ಪರೀಕ್ಷೆಯಲ್ಲಿ ಒಂದನೇ ರ‍್ಯಾಂಕಿನಿಂದ ಕೊನೆಯವರೆಗೂ ಸಾಲಾಗಿ ಪಟ್ಟಿ ಹಾಕುತ್ತಿದ್ದರು. ಮನೆಯ ಜಾಣ ಹುಡುಗನಿಗೆ ಆ ಪಟ್ಟಿಯ ತುದಿ ಸಿಗುವ ಲಕ್ಷಣ ಕಾಣಲಿಲ್ಲ. ಮೂರನೇ ವರ್ಷ ಓದಿ ಓದಿ ತಲೆ ಕೆಟ್ಟು, ಎದೆ ಬಡಿತ ಏರಿ, ಪುಸ್ತಕ ಮುಟ್ಟಿದರೆ ಸಾಕು ಒದ್ದಾಡುವ ಹಾಗಾಯಿತು. ಕೊನೆಗೆ ಆನರ್ಸ್ ಇಲ್ಲದೆ ಸಾಮಾನ್ಯ ಪದವಿ ತಗೊಂಡು ಹೊರಬಂದ. ನಮ್ಮಲ್ಲಿ ಎಷ್ಟೋ ಜನಕ್ಕೆ ಈ ನೋವು ಗೊತ್ತು. ಆದ್ರೆ ಮುಂದೆ ಇದೇ ಗಾಲ್ಟನ್ ಬುದ್ಧಿ ವಂಶದಲ್ಲಿ ಹರಿಯುತ್ತೆ ಅಂತ ವಾದಿಸಿ 1869ರಲ್ಲಿ ಪುಸ್ತಕ ಬರೆದಾಗ, ಅದೇ ಕೇಂಬ್ರಿಡ್ಜ್ ಪರೀಕ್ಷೆಯ ಅಂಕಗಳನ್ನೇ ಪುರಾವೆಯಾಗಿ ಇಟ್ಟ. ತನ್ನನ್ನು ಮುರಿದ ಅಳತೆಗೋಲನ್ನು ಅವನು ಬಿಸಾಡಲಿಲ್ಲ. ಎತ್ತಿಕೊಂಡು ಊರನ್ನೆಲ್ಲ ಅಳೆಯೋಕೆ ಹೊರಟ.

1844ರಲ್ಲಿ ತಂದೆ ತೀರಿಕೊಂಡರು. ಕೈತುಂಬಾ ಆಸ್ತಿ ಬಂತು, ಹೊಟ್ಟೆಪಾಡಿಗೆ ದುಡಿಯುವ ಗೊಡವೆ ಇರಲಿಲ್ಲ. 1850ರಲ್ಲಿ ನೈಋತ್ಯ ಆಫ್ರಿಕಾಕ್ಕೆ, ಅಂದ್ರೆ ಇವತ್ತಿನ ನಮೀಬಿಯಾ ಕಡೆಗೆ, ಹಡಗು ಹತ್ತಿದ. ನಕ್ಷೆಯಲ್ಲಿ ಖಾಲಿ ಇದ್ದ ಜಾಗಗಳನ್ನು ಅಳೆದು ಬಂದು ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಚಿನ್ನದ ಪದಕ ಗಳಿಸಿದ. ಆ ಪ್ರಯಾಣದ ಒಂದು ಪ್ರಸಂಗವನ್ನು ಅವನೇ ತಮಾಷೆಯಾಗಿ ಬರೆದುಕೊಂಡಿದ್ದಾನೆ. ಒಂದು ಮಿಷನರಿ ಠಾಣೆಯಲ್ಲಿ ಅಲ್ಲಿನ ಬುಡಕಟ್ಟಿನ ಹೆಂಗಸೊಬ್ಬಳನ್ನು ಕಂಡ. ಅವಳ ಮೈಕಟ್ಟು ಇವನಿಗೆ ವಿಸ್ಮಯ. ಅಳತೆ ಬೇಕು, ಆದ್ರೆ ಅವಳ ಭಾಷೆ ಬರಲ್ಲ, ಮಿಷನರಿಯನ್ನು ಕೇಳೋಕೆ ನಾಚಿಕೆ. ಸರ್ವೇ ಮಾಡುವ ಸೆಕ್ಸ್‌ಟೆಂಟ್ ತೆಗೆದ. ಮರದ ಕೆಳಗೆ ನಿಂತಿದ್ದ ಅವಳು ಆ ಕಡೆ ಈ ಕಡೆ ತಿರುಗುತ್ತಿದ್ದಂತೆ ದೂರದಿಂದಲೇ ಕೋನಗಳನ್ನು ಗುರುತು ಹಾಕಿಕೊಂಡ. ಆಮೇಲೆ ದೂರವನ್ನು ಟೇಪಿನಲ್ಲಿ ಅಳೆದು, ಟ್ರಿಗನಾಮೆಟ್ರಿ, ಲಾಗರಿದಮ್ ಹಾಕಿ ಅವಳ ದೇಹದ ಅಳತೆ ಲೆಕ್ಕ ಮಾಡಿದ. ಅವಳಿಗೆ ಒಂದು ಮಾತೂ ಕೇಳಲಿಲ್ಲ. ನಾವು ಬೆಟ್ಟದ ಎತ್ತರ ಕಂಡುಹಿಡಿಯುವ ಲೆಕ್ಕ ಇದೆಯಲ್ಲ, ಅದೇ ಲೆಕ್ಕ. ಒಂದೇ ವ್ಯತ್ಯಾಸ, ಇಲ್ಲಿ ಬೆಟ್ಟದ ಜಾಗದಲ್ಲಿ ಒಬ್ಬ ಹೆಂಗಸು ಇದ್ದಳು.

ವಾಪಸ್ ಬಂದು 1853ರಲ್ಲಿ ಲೂಯಿಸಾ ಬಟ್ಲರ್‌ಳನ್ನು ಮದುವೆಯಾದ. ಅವರಿಗೆ ಮಕ್ಕಳಾಗಲಿಲ್ಲ. ಲಂಡನ್ನಿನಲ್ಲಿ ನೆಲೆಸಿ ಕೈಗೆ ಸಿಕ್ಕಿದ್ದನ್ನೆಲ್ಲ ಎಣಿಸೋಕೆ ಶುರುಮಾಡಿದ. ಸುಳ್ಳು ಹೇಳಬಾರದು, ಅವನ ಕೆಲಸ ದೊಡ್ಡದು. 1875ರ ಏಪ್ರಿಲ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಂದ ಹವಾಮಾನ ನಕ್ಷೆ ಅವನದು. ಬೆರಳಚ್ಚಿನಿಂದ ಮನುಷ್ಯರನ್ನು ಗುರುತಿಸಬಹುದು ಅನ್ನೋದಕ್ಕೆ ಗಟ್ಟಿ ತಳಹದಿ ಹಾಕಿದ ಪುಸ್ತಕ 1892ರಲ್ಲಿ ಬರೆದ. ತಂದೆತಾಯಿ ಎತ್ತರ, ಮಕ್ಕಳ ಎತ್ತರ ಎರಡನ್ನೂ ಹೋಲಿಸಿ 1886ರಲ್ಲಿ ಪ್ರಕಟಿಸಿದ ಅಧ್ಯಯನದಿಂದಲೇ ನಮ್ಮ ರಿಗ್ರೆಷನ್ ರೇಖೆ ಬಂದದ್ದು. ಅದರಲ್ಲಿ ಒಂದು ಸಣ್ಣ ಹೆಜ್ಜೆ ಇದೆ: ಲೆಕ್ಕಕ್ಕೆ ಇಳಿಯುವ ಮೊದಲು ಹೆಂಗಸರ ಎತ್ತರವನ್ನೆಲ್ಲ 1.08ರಿಂದ ಗುಣಿಸಿ ಗಂಡಸರ ಎತ್ತರಕ್ಕೆ ಸರಿದೂಗಿಸಿದ. ಲೆಕ್ಕಕ್ಕೆ ಅನುಕೂಲ, ನಿಜ. ಆದ್ರೆ ಸ್ಕೇಲು ಯಾರದ್ದು ಅನ್ನೋದು ಅಲ್ಲೇ ತೀರ್ಮಾನ ಆಗಿತ್ತು.

1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಒಂದು ಅಳತೆಯ ಪ್ರಯೋಗಾಲಯ ತೆರೆದ. ಮೂರು ಪೆನ್ನಿ ಕೊಟ್ಟು ಒಳಗೆ ಹೋದರೆ ಎತ್ತರ, ತೂಕ, ಉಸಿರಿನ ಬಲ, ಕಣ್ಣು, ಕಿವಿ ಎಲ್ಲ ಅಳೆದು ಒಂದು ಕಾರ್ಡ್ ಕೊಡುತ್ತಿದ್ದರು. 9,337 ಜನ ಸಾಲುಗಟ್ಟಿ ಬಂದರು. ತಮಗೆ ಎಷ್ಟು ನಂಬರ್ ಬಂತು ಅಂತ ತಿಳಿಯುವ ಆಸೆ ಅವತ್ತೂ ಇತ್ತು, ಇವತ್ತೂ ಇದೆ.

ಅದಕ್ಕೂ ಮುಂಚೆ ಅವನು ಇನ್ನೊಂದು ಪ್ರಯೋಗ ಮಾಡಿದ್ದ. ಅಪರಾಧಿಗಳ ಫೋಟೊಗಳನ್ನು ಒಂದೇ ಪ್ಲೇಟಿನ ಮೇಲೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹೊತ್ತು ಮೂಡಿಸಿದರೆ ಅಪರಾಧಿಯ ಅಸಲಿ ಮುಖ ಸಿಗುತ್ತೆ ಅನ್ನೋದು ಲೆಕ್ಕಾಚಾರ. ಸಿಕ್ಕಿದ್ದೇ ಬೇರೆ. ಬೆರೆಸಿದ ಮುಖ ಬಿಡಿ ಬಿಡಿ ಮುಖಗಳಿಗಿಂತ ನೋಡೋಕೆ ಚೆನ್ನಾಗಿತ್ತು! ದುಷ್ಟತನದ ಗುರುತು ಹೋಗಿ ಯಾರೋ ಸಾದಾ ಮನುಷ್ಯ ಕಾಣಿಸಿದ. ಮುಖ ನೋಡಿ ಗುಣ ಹೇಳೋಕೆ ಆಗಲ್ಲ ಅಂತ ಅವನ ಕ್ಯಾಮೆರಾನೇ ಹೇಳಿತ್ತು. ಗಾಲ್ಟನ್ ಅದನ್ನು ಗಮನಿಸಿದ, ಬರೆದೂ ಇಟ್ಟ. ಆದ್ರೆ ಮನುಷ್ಯರನ್ನು ವಿಂಗಡಿಸೋದು ಬಿಡಲಿಲ್ಲ.

ಈಗ ಸೂಜಿಯ ವಿಷಯ. ಶಿಲುಬೆಯ ಆಕಾರದಲ್ಲಿ ಕತ್ತರಿಸಿದ ಕಾಗದ. ಎದುರಿಗೆ ಬಂದ ಹುಡುಗಿ ಚೆಲುವೆ ಅನಿಸಿದರೆ ಮೇಲಿನ ತುದಿಯಲ್ಲಿ ಒಂದು ತೂತು, ಪರವಾಗಿಲ್ಲ ಅನಿಸಿದರೆ ಅಡ್ಡ ತೋಳಿನಲ್ಲಿ, ಚೆನ್ನಾಗಿಲ್ಲ ಅನಿಸಿದರೆ ಕೆಳಗಿನ ಉದ್ದ ಕಾಲಿನಲ್ಲಿ. ಕೈ ಜೇಬಿನಲ್ಲೇ ಇರುತ್ತಿದ್ದರಿಂದ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಮನೆಗೆ ಹೋಗಿ ತೂತು ಎಣಿಸಿದರೆ ಆಯಿತು, ಆ ಊರಿನ ಸೌಂದರ್ಯದ ಡೇಟಾ ರೆಡಿ. ಹೀಗೆ ಬ್ರಿಟನ್ನಿನ ಸೌಂದರ್ಯ ನಕ್ಷೆ ಮಾಡೋದು ಅವನ ಉದ್ದೇಶ. ಫಲಿತಾಂಶ: ಲಂಡನ್ ಎಲ್ಲಕ್ಕಿಂತ ಮೇಲೆ, ಸ್ಕಾಟ್ಲೆಂಡಿನ ಅಬರ್ಡೀನ್ ಎಲ್ಲಕ್ಕಿಂತ ಕೆಳಗೆ. ಒಂದೇ ಕಡೆ ಬೇರೆ ಬೇರೆ ಸಲ ಎಣಿಸಿದಾಗ ಉತ್ತರ ಹೊಂದಿಕೆಯಾಗಿದ್ದಕ್ಕೆ ಅವನಿಗೆ ಸಮಾಧಾನ.

ಇಲ್ಲೊಂದು ನಿಮಿಷ ನಿಲ್ಲೋಣ. ಲ್ಯಾಬ್‌ನಲ್ಲಿ ನಮಗೆ ಹೇಳಿಕೊಡೋ ಮೊದಲ ಪಾಠ ಏನು? ಮೀಟರ್ ಪ್ರತಿ ಸಲ ಒಂದೇ ರೀಡಿಂಗ್ ಕೊಟ್ಟ ಮಾತ್ರಕ್ಕೆ ರೀಡಿಂಗ್ ಸರಿ ಅಂತಲ್ಲ. ಮುಳ್ಳು ಸೊನ್ನೆಯಲ್ಲೇ ಇಲ್ಲದಿದ್ದರೆ ನೂರು ಸಲ ಓದಿದರೂ ಅದೇ ತಪ್ಪು ನೂರು ಸಲ ಬರುತ್ತೆ. ಗಾಲ್ಟನ್‌ನ ಪ್ರಯೋಗದಲ್ಲಿ ಉಪಕರಣ ಸೂಜಿಯಲ್ಲ, ಅವನ ಕಣ್ಣು. ಲಂಡನ್ನಿನಲ್ಲಿ ನೆಲೆಸಿದ, ಹಣವಂತ, ವಯಸ್ಸಾದ ಒಬ್ಬ ಗಂಡಸಿನ ಕಣ್ಣು. ಆ ಕಣ್ಣಿಗೆ ಲಂಡನ್ ಚೆಂದ ಕಂಡಿತು. ನಕ್ಷೆಯಲ್ಲಿ ಮೂಡಿದ್ದು ಹುಡುಗಿಯರ ರೂಪಕ್ಕಿಂತ ಹೆಚ್ಚಾಗಿ ಅವನದೇ ಅಭಿರುಚಿ. ಎರರ್ ಥಿಯರಿ ಅರೆದು ಕುಡಿದವನನ್ನು ಇದು ತಡೆಯಲಿಲ್ಲ.

ತಡೆಯದಿದ್ದಕ್ಕೆ ಕಾರಣವೂ ಇತ್ತು. 1883ರಲ್ಲಿ ಯುಜೆನಿಕ್ಸ್ ಅನ್ನುವ ಪದ ಹುಟ್ಟುಹಾಕಿದ್ದು ಅವನೇ. ಒಳ್ಳೆ ತಳಿಯ ಜನ ಹೆಚ್ಚು ಹೆರಬೇಕು, ಉಳಿದವರು ಕಡಿಮೆ ಹೆರಬೇಕು ಅನ್ನುವ ವಾದ ಅದು. ಒಳ್ಳೆಯವರು ಯಾರು ಅಂತ ಹೇಳೋಕೆ ಅಳತೆ ಬೇಕಲ್ಲ? ಕೊನೆಗಾಲದಲ್ಲಿ ಒಂದು ಕಾದಂಬರಿಯನ್ನೂ ಬರೆದ. ಅದರಲ್ಲಿ ಜನರ ದೇಹ, ಆರೋಗ್ಯ, ವಂಶಕ್ಕೆಲ್ಲ ಪರೀಕ್ಷೆ ಇಟ್ಟು ಅಂಕ ಕೊಡುವ ಒಂದು ನಾಡು. ಅಂಕ ಬರದವರಿಗೆ ಮಕ್ಕಳನ್ನು ಹೆರುವ ಹಕ್ಕಿಲ್ಲ. ಪ್ರಕಾಶಕರು ಒಪ್ಪಲಿಲ್ಲ, ಅವನು ಸತ್ತ ಮೇಲೆ ಮನೆಯವರೇ ಅದರ ಹಲವು ಪುಟ ನಾಶ ಮಾಡಿದರು. 1909ರಲ್ಲಿ ಸರ್ ಪದವಿ ಬಂತು. 1911ರ ಜನವರಿ 17ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡ. ಆಸ್ತಿಯ ದೊಡ್ಡ ಪಾಲನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಯುಜೆನಿಕ್ಸ್ ಪೀಠಕ್ಕೆ ಬರೆದಿಟ್ಟ. 2020ರಲ್ಲಿ ಅದೇ ಕಾಲೇಜು ತನ್ನ ಉಪನ್ಯಾಸ ಕೊಠಡಿಯಿಂದ ಅವನ ಹೆಸರು ತೆಗೆಯಿತು.

ಸೌಂದರ್ಯ ಸ್ಪರ್ಧೆಗಳನ್ನು ಗಾಲ್ಟನ್ ಹುಟ್ಟುಹಾಕಲಿಲ್ಲ. ಆದ್ರೆ ಮನುಷ್ಯರಿಗೆ ಅಂಕ ಹಾಕುವ ಆ ಚಟ ಅವನ ಜೊತೆ ಸಾಯಲಿಲ್ಲ. ಅವನು ಸತ್ತ ಹತ್ತು ವರ್ಷಕ್ಕೆ, 1921ರಲ್ಲಿ, ಅಟ್ಲಾಂಟಿಕ್ ಸಿಟಿಯಲ್ಲಿ ಮಿಸ್ ಅಮೆರಿಕ ಸ್ಪರ್ಧೆ ಶುರುವಾಯಿತು. ಅದೇ ಕಾಲದಲ್ಲಿ ಅಮೆರಿಕದ ಜಾತ್ರೆಗಳಲ್ಲಿ ದನಗಳ ಪ್ರದರ್ಶನದ ಪಕ್ಕದಲ್ಲೇ ಉತ್ತಮ ವಂಶದ ಕುಟುಂಬಗಳಿಗೆ ಯುಜೆನಿಕ್ಸ್‌ನವರು ಪದಕ ಕೊಡುತ್ತಿದ್ದರು. ಮಿಸ್ ಅಮೆರಿಕದ ನಿಯಮದಲ್ಲೂ ಸ್ಪರ್ಧಿ ಬಿಳಿಯರ ಜನಾಂಗದವಳೇ ಆಗಿರಬೇಕು ಅಂತ ಬಂತು. ಕಪ್ಪು ಹುಡುಗಿಯೊಬ್ಬಳು ಆ ವೇದಿಕೆ ಹತ್ತಿದ್ದು 1970ರಲ್ಲಿ.

1945ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಸುಮಾರು 15,000 ಬಿಳಿಯ ಯುವತಿಯರ ಅಳತೆಗಳ ಸರಾಸರಿ ತೆಗೆದು ನಾರ್ಮಾ ಅಂತ ಒಂದು ಪ್ರತಿಮೆ ಮಾಡಿದ್ದರು. ಇವಳಂತೆ ಇರೋ ಹುಡುಗಿಗೆ ಬಹುಮಾನ ಅಂತ ಪತ್ರಿಕೆಯೊಂದು ಸಾರಿತು. 3,864 ಜನ ತಮ್ಮ ಅಳತೆ ಕಳಿಸಿದರು. ಒಂಬತ್ತು ಅಳತೆಯಲ್ಲೂ ಹೊಂದಿದವರು ಒಬ್ಬರೂ ಇಲ್ಲ! ಒಂಬತ್ತು ವೇರಿಯಬಲ್‌ಗಳ ಸರಾಸರಿ ಒಂದೇ ದೇಹದಲ್ಲಿ ಕೂಡಿಬರೋದು ಎಷ್ಟು ಕಷ್ಟ ಅಂತ ನಮಗೆ ಗೊತ್ತು. ಆದ್ರೆ ಅವತ್ತು ಪ್ರತಿಮೆ ತಪ್ಪು ಅಂತ ಯಾರೂ ತೀರ್ಪು ಕೊಡಲಿಲ್ಲ. ಇದ್ದವರಲ್ಲಿ ಹತ್ತಿರ ಬಂದ ಒಬ್ಬಳಿಗೆ ಬಹುಮಾನ ಕೊಟ್ಟು ಮುಗಿಸಿದರು.

1996ರ ನವೆಂಬರ್ 23ರಂದು ವಿಶ್ವಸುಂದರಿ ಸ್ಪರ್ಧೆ ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೇ ಬಂತು. ಮಹಿಳಾ ಸಂಘಟನೆಗಳು, ರೈತ ಸಂಘ, ಸಂಸ್ಕೃತಿಯ ಹೆಸರು ಹೇಳುವವರು, ಎಲ್ಲರೂ ತಮ್ಮ ತಮ್ಮ ಕಾರಣಕ್ಕೆ ಬೀದಿಗಿಳಿದರು. ಈಜುಡುಗೆಯ ಸುತ್ತನ್ನು ಸೀಶೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಹುಡುಗಿಯರು ಏನು ಉಡಬೇಕು ಅನ್ನೋದರ ಮೇಲೆ ಬಹಳ ಜಗಳ ಆಯಿತು. ಅಂಕ ಹಾಕುವವರ ಕಣ್ಣನ್ನು ಯಾರು ಕ್ಯಾಲಿಬ್ರೇಟ್ ಮಾಡಿದ್ದು ಅನ್ನುವ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸಿದ್ದು ಕಡಿಮೆ.

ಕಾಲೇಜ್ ಫೆಸ್ಟ್‌ಗಳಲ್ಲೂ ಮಿಸ್ಟರ್, ಮಿಸ್ ಅಂತ ಇವೆಂಟ್ ಇರುತ್ತೆ. ಕೈಗೆ ಒಂದು ಸ್ಕೋರ್ ಶೀಟ್ ಬರುತ್ತೆ: ನಡಿಗೆಗೆ ಹತ್ತು, ಲುಕ್ಸ್‌ಗೆ ಹತ್ತು, ಉತ್ತರಕ್ಕೆ ಹತ್ತು. ಕ್ಲಾಸ್ ಗ್ರೂಪಿನಲ್ಲಿ ಯಾರ್ಯಾರಿಗೆ ಹತ್ತಕ್ಕೆ ಎಷ್ಟು ಅಂತ ಹುಡುಗರು ಮಾತಾಡಿಕೊಳ್ಳೋದೂ ಇದೆ. ಆ ನಂಬರ್ ಕಿವಿಗೆ ಬಿದ್ದ ಹುಡುಗಿ ಮರುದಿನ ಕನ್ನಡಿ ಮುಂದೆ ನಿಂತು ತನ್ನಲ್ಲೇ ತಪ್ಪು ಹುಡುಕ್ತಾಳೆ. ಅಬರ್ಡೀನಿನ ಹುಡುಗಿಯರೇ ವಾಸಿ, ಅವರಿಗೆ ತಮ್ಮ ಗ್ರೇಡ್ ಗೊತ್ತೇ ಆಗಲಿಲ್ಲ. ಮುಂದಿನ ಸಲ ಅಂಥ ಶೀಟ್ ಕೈಗೆ ಬಂದಾಗ ಪೆನ್ ಎತ್ತುವ ಮುಂಚೆ ಆ ಸೂಜಿ ನೆನಪಿಸಿಕೊಳ್ಳಿ. ಅದು ಚುಚ್ಚುತ್ತಿದ್ದದ್ದು ಕಾಗದವನ್ನ ಮಾತ್ರ ಅಂತ ಗಾಲ್ಟನ್ ಅಂದುಕೊಂಡಿದ್ದ.