ಮಿಠಾಯಿ ಭರಣಿಯೊಳಗೆ ಕಡಲು: ಫಿಲಿಪ್ ಹೆನ್ರಿ ಗಾಸ್

ವಿದ್ಯಾರ್ಥಿಗಳೇ, ಗಾಜಿನ ತೊಟ್ಟಿಯೊಳಗೆ ಬಣ್ಣಬಣ್ಣದ ಮೀನುಗಳು ಈಜುವುದನ್ನು ನೀವು ನೋಡಿರಬಹುದು. ಅದನ್ನು ಅಕ್ವೇರಿಯಂ ಎನ್ನುತ್ತಾರೆ. ಈ ಹೆಸರನ್ನು ಜನರ ಬಾಯಿಗೆ ತಂದವನು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. ಆದರೆ ಅವನ ಮನಸ್ಸೆಲ್ಲ ಇದ್ದದ್ದು ಮೀನಿನ ಮೇಲಲ್ಲ, ಕಡಲ ಹೂವಿನ ಮೇಲೆ.

ಕಡಲ ಹೂವು ಹೆಸರಿಗೆ ಮಾತ್ರ ಹೂವು. ನಿಜವಾಗಿ ಅದೊಂದು ಪ್ರಾಣಿ, ಹೈಡ್ರಾದ ನೆಂಟ. ಸೀ ಅನಿಮೋನ್ ಎಂಬುದು ಅದರ ಇಂಗ್ಲಿಷ್ ಹೆಸರು. ಗಿಡ್ಡ ಕಂಬದಂಥ ಮೆತ್ತನೆಯ ಮೈ, ಬಂಡೆಗೆ ಅಂಟಿಕೊಳ್ಳುವ ಪಾದ, ಮೇಲ್ತುದಿಯಲ್ಲಿ ಬಾಯಿ, ಬಾಯಿಯ ಸುತ್ತ ಎಸಳುಗಳಂತೆ ಹರಡಿದ ಕರಬಳ್ಳಿಗಳು. ಈ ಕರಬಳ್ಳಿಗಳಲ್ಲಿ ಕುಟುಕುವ ಕಣಗಳಿವೆ. ತಾಗಿದ ಸಣ್ಣ ಜೀವಿ ಅಲ್ಲೇ ಸಿಕ್ಕಿಬೀಳುತ್ತದೆ. ಕಡಲಿನ ನೀರು ಇಳಿದಾಗ ಅದು ಕರಬಳ್ಳಿಗಳನ್ನೆಲ್ಲ ಒಳಗೆಳೆದುಕೊಂಡು ಜಾಮೂನಿನ ಹಾಗೆ ಉಂಡೆಯಾಗಿ ಕೂರುತ್ತದೆ.

ಗಾಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು, ವೂಸ್ಟರ್ ಎಂಬ ಊರಿನಲ್ಲಿ. ತಂದೆ ಊರೂರು ಸುತ್ತಿ ಜನರ ಪುಟ್ಟ ಪುಟ್ಟ ಭಾವಚಿತ್ರ ಬರೆಯುತ್ತಿದ್ದ ಕಲಾವಿದ. ಮನೆಯಲ್ಲಿ ಬಡತನ. ಬಾಲ್ಯವೆಲ್ಲ ಕಳೆದದ್ದು ಪೂಲ್ ಎಂಬ ಬಂದರು ಪಟ್ಟಣದಲ್ಲಿ. ಅಲ್ಲಿದ್ದ ಸೋದರತ್ತೆಗೆ ಪ್ರಾಣಿಗಳೆಂದರೆ ಬಹಳ ಆಸಕ್ತಿ. ಕಡಲ ಹೂವುಗಳನ್ನು ಸಮುದ್ರದ ನೀರಿನಲ್ಲಿಟ್ಟು ನೋಡಬಹುದೆಂದು ಹುಡುಗನಿಗೆ ಹೇಳಿಕೊಟ್ಟವಳು ಆಕೆಯೇ.

ಹದಿನೇಳು ತುಂಬಿದಾಗ, 1827ರಲ್ಲಿ, ಹೊಟ್ಟೆಪಾಡಿಗಾಗಿ ಅಟ್ಲಾಂಟಿಕ್ ಸಾಗರ ದಾಟಿ ನ್ಯೂಫೌಂಡ್‌ಲೆಂಡಿಗೆ ಹೋಗಿ ಗುಮಾಸ್ತನಾದ. ಆಮೇಲೆ ಕೆನಡಾದಲ್ಲಿ ಬೇಸಾಯ ಮಾಡಿ ಕೈಸುಟ್ಟುಕೊಂಡ. ಅಮೆರಿಕದ ಅಲಬಾಮಾದಲ್ಲಿ ಕೆಲಕಾಲ ಮೇಷ್ಟ್ರಾಗಿದ್ದ. ಹೋದಲ್ಲೆಲ್ಲ ಕೀಟಗಳನ್ನು ಹಿಡಿದು, ನೋಡಿ, ಚಿತ್ರ ಬರೆದಿಟ್ಟ. ಚಿತ್ರಕಲೆ ತಂದೆಯಿಂದ ಬಂದ ಆಸ್ತಿ! 1839ರಲ್ಲಿ ಊರಿಗೆ ಮರಳಿ ಪುಸ್ತಕ ಬರೆದು ಬದುಕತೊಡಗಿದ. ವಿಪರೀತ ಕೆಲಸದಿಂದ ಆರೋಗ್ಯ ಕೆಟ್ಟಿತು. 1852ರಲ್ಲಿ ಡೆವನ್ ಪ್ರಾಂತ್ಯದ ಕಡಲ ತೀರಕ್ಕೆ ಬಂದ. ಅಲ್ಲಿ ಬಂಡೆಗಳ ನಡುವಿನ ನೀರಿನ ಹೊಂಡಗಳಲ್ಲಿ ಬಾಲ್ಯದ ಗೆಳೆಯರಾದ ಕಡಲ ಹೂವುಗಳು ಮತ್ತೆ ಸಿಕ್ಕವು.

ಈಗ ಒಂದು ತೊಡಕನ್ನು ಗಮನಿಸಿ. ಕಡಲ ಹೂವನ್ನು ಸಮುದ್ರದ ನೀರು ತುಂಬಿದ ಪಾತ್ರೆಯಲ್ಲಿ ಹಾಕಿಟ್ಟರೆ ಕೆಲವೇ ದಿನಗಳಲ್ಲಿ ನೀರು ನಾರುತ್ತದೆ, ಪ್ರಾಣಿ ಸಾಯುತ್ತದೆ. ಏಕೆ? ಅದು ಉಸಿರಾಡಿದಂತೆ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಅದರ ಮಲ, ಉಳಿದ ಆಹಾರ ಎಲ್ಲವೂ ಅಷ್ಟೇ ನೀರಿನಲ್ಲಿ ಕೊಳೆಯುತ್ತವೆ. ಸ್ಕಾಟ್‌ಲೆಂಡಿನ ಸರ್ ಜಾನ್ ಡಾಲ್ಯೆಲ್ ಇದಕ್ಕೆ ನೇರ ದಾರಿ ಹಿಡಿದಿದ್ದ: ಮತ್ತೆ ಮತ್ತೆ ಹೊಸ ಕಡಲ ನೀರು ತರಿಸಿ ಬದಲಿಸುವುದು. 1828ರಲ್ಲಿ ಅವನು ತಂದಿಟ್ಟ ಒಂದು ಕಡಲ ಹೂವು ಅವನು ತೀರಿಕೊಂಡ ಮೇಲೂ ಬೇರೆಯವರ ಆರೈಕೆಯಲ್ಲಿ ಬದುಕಿ, ಸತ್ತದ್ದು 1887ರಲ್ಲಿ! ಅದಕ್ಕೆ ಎಲ್ಲರೂ ಅಜ್ಜಿ ಎನ್ನುತ್ತಿದ್ದರಂತೆ. ಅನ್ನಾ ಥಿನ್ ಎಂಬಾಕೆ 1846ರಲ್ಲಿ ಹವಳದ ಜೀವಿಗಳನ್ನು ಲಂಡನ್ನಿಗೆ ತಂದಿಟ್ಟುಕೊಂಡಾಗ ಮನೆಗೆಲಸದವಳು ದಿನವೂ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಯಬೇಕಿತ್ತು. ಬಿಸಿ ಹಾಲು ಆರಿಸುತ್ತೇವಲ್ಲ, ಹಾಗೆ. ಹೀಗೆ ಸುರಿಯುವಾಗ ಗಾಳಿ ನೀರಿನಲ್ಲಿ ಬೆರೆಯುತ್ತದೆ. ಆ ಕೆಲಸದವಳ ತೋಳುಗಳನ್ನು ನೆನೆದರೆ ಪಾಪ ಎನಿಸುತ್ತದೆ.

ಗಾಸ್ ಈ ಕೆಲಸವನ್ನು ಸಸ್ಯಗಳಿಗೆ ವಹಿಸಿದ. ನಿಮ್ಮ ಶಾಲೆಯಲ್ಲಿ ಹೈಡ್ರಿಲ್ಲಾ ಗಿಡದ ಮೇಲೆ ಆಲಿಕೆ ಬೋರಲು ಹಾಕಿ ಬಿಸಿಲಿಗಿಟ್ಟು, ಗುಳ್ಳೆ ಏಳುವುದನ್ನು ತೋರಿಸಿರುತ್ತಾರೆ. ಆ ಗುಳ್ಳೆ ದ್ಯುತಿಸಂಶ್ಲೇಷಣೆಯಲ್ಲಿ ಹೊರಬಂದ ಆಮ್ಲಜನಕ. ಕಡಲ ಪಾಚಿಯೂ ಇದನ್ನೇ ಮಾಡುತ್ತದೆ. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ ಸಿಹಿನೀರಿನಲ್ಲಿ ಮೀನು, ಬಸವನಹುಳು, ಗಿಡ ಮೂರನ್ನೂ ಒಟ್ಟಿಗಿಟ್ಟು ಇದು ಸಾಧ್ಯವೆಂದು 1850ರ ಹೊತ್ತಿಗೆ ತೋರಿಸಿದ್ದ. ಗಾಸ್ ಕಡಲ ನೀರಿನಲ್ಲಿ ಪ್ರಯತ್ನಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆದಾಗ ಅದಕ್ಕೆ ಜೀವಿಗಳನ್ನು ಸಂಗ್ರಹಿಸಿಕೊಟ್ಟವರಲ್ಲಿ ಇವನೂ ಒಬ್ಬ.

ಲಂಡನ್ನಿನಲ್ಲಿ ಕಡಲಿಲ್ಲ. ನೀರನ್ನು ದೂರದಿಂದ ಪೀಪಾಯಿಯಲ್ಲಿ ತರಿಸಬೇಕು. ಹಾಗಾದರೆ ಕಡಲ ನೀರನ್ನು ಮನೆಯಲ್ಲೇ ತಯಾರಿಸಿದರೆ ಹೇಗೆ? 1854ರ ಏಪ್ರಿಲ್‌ನಲ್ಲಿ ಗಾಸ್ ಅದಕ್ಕೂ ಕೈಹಾಕಿದ. ಸುಮಾರು 100 ಗ್ರಾಂ ಅಡುಗೆ ಉಪ್ಪು, 7 ಗ್ರಾಂ ಎಪ್ಸಂ ಲವಣ, 13 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್, ಎರಡೂವರೆ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್. ಇಷ್ಟನ್ನೂ ನಾಲ್ಕೂವರೆ ಲೀಟರಿಗಿಂತ ತುಸು ಕಡಿಮೆ ನೀರಿನಲ್ಲಿ ಕರಗಿಸಿದ. ಮರುದಿನ ಅದನ್ನು ಸೋಸಿ ಮಿಠಾಯಿ ಅಂಗಡಿಯ ಗಾಜಿನ ಭರಣಿಗೆ ಸುರಿದ. ತಳಕ್ಕೆ ತೊಳೆದ ಬೆಣಚುಕಲ್ಲು ಹರಡಿದ. ಅಲ್ವಾ ಎಂಬ ಕಾಗದದಷ್ಟು ತೆಳ್ಳನೆಯ ಹಸಿರು ಪಾಚಿ ಬೆಳೆದಿದ್ದ ಒಂದೆರಡು ಕಲ್ಲನ್ನೂ ಇಟ್ಟ.

ನೀರು ತಿಳಿಯಾಗಿತ್ತು, ಉಪ್ಪು ಹದವಾಗಿತ್ತು. ನೀವಾಗಿದ್ದರೆ ಆ ಸಂಜೆಯೇ ಕಡಲ ಹೂವನ್ನು ತಂದು ಬಿಡುತ್ತಿರಲಿಲ್ಲವೇ? ನಾನಾದರೂ ಬಿಡುತ್ತಿದ್ದೆ. ಗಾಸ್ ಬಿಡಲಿಲ್ಲ. ಪ್ರಕೃತಿಯಲ್ಲಿ ಮೊದಲು ಸಸ್ಯ, ಆಮೇಲೆ ಪ್ರಾಣಿ ಎಂಬುದು ಅವನ ಲೆಕ್ಕ. ಪ್ರತಿದಿನ ಭರಣಿಯನ್ನು ನೋಡುತ್ತಿದ್ದ. ಗಾಜಿನ ಒಳಮೈಗೆ ಪಾಚಿಯ ಬೀಜಕಣಗಳು ಹಸಿರು ಲೇಪದಂತೆ ಅಂಟಿಕೊಂಡವು. ಬಿಸಿಲು ಬಿದ್ದಾಗ ಗುಳ್ಳೆಗಳು ಏಳತೊಡಗಿದವು. ಒಂದು ವಾರ ಕಳೆಯಿತು. ಆಗ ಎರಡು ಕೆಂಪು ಕಡಲ ಹೂವುಗಳನ್ನೂ ಕೆಲವು ಕೊಳವೆಹುಳುಗಳನ್ನೂ ಬಿಟ್ಟ. ಅವು ಕರಬಳ್ಳಿ ಬಿಚ್ಚಿಕೊಂಡು ಚೆನ್ನಾಗಿ ಬದುಕಿದವು.

ಗಾಜಿಗೆ ಹಸಿರು ಹತ್ತಿದರೆ ಉಜ್ಜಿ ತೊಳೆಯಬೇಕೆಂದು ನಮಗೆ ಅನಿಸುತ್ತದೆ. ಅವನಿಗೆ ಅದೇ ನೀರು ಸಿದ್ಧವಾಗುತ್ತಿರುವ ಗುರುತು. ಆದರೆ ಆ ಭರಣಿಯಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು, ಅದು ಗಾಸ್‌ಗೆ ತಿಳಿದಿರಲಿಲ್ಲ. ಕಲ್ಲು, ಪಾಚಿಗಳ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಬಂದಿದ್ದವು. ಪ್ರಾಣಿಗಳ ತ್ಯಾಜ್ಯದಿಂದ ಬರುವ ಅಮೋನಿಯ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ಅದೂ ವಿಷವೇ. ಮತ್ತೊಂದು ಬಗೆ ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತದೆ. ನೈಟ್ರೇಟನ್ನು ಪಾಚಿ ಹೀರಿ ಬೆಳೆಯುತ್ತದೆ. ಈ ಬ್ಯಾಕ್ಟೀರಿಯಾಗಳನ್ನು ರಷ್ಯಾದ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ದು 1890ರ ಸುಮಾರಿಗೆ, ಗಾಸ್ ತೀರಿಕೊಂಡ ಮೇಲೆ.

ಅವು ಸಾಕಷ್ಟು ಸಂಖ್ಯೆಗೆ ಬರಲು ವಾರಗಳೇ ಬೇಕು. ಗಾಸ್‌ನ ಒಂದು ವಾರ ನಡೆದುಹೋದದ್ದು ಅವನು ಆರಿಸಿದ ಕೆಂಪು ಕಡಲ ಹೂವು ಬಹಳ ಗಟ್ಟಿಜೀವವಾದ್ದರಿಂದ. ಬೆಚ್ಚನೆಯ ಸಮುದ್ರಗಳ ಕಡಲ ಹೂವುಗಳು ಹಾಗಲ್ಲ. ಅವುಗಳಲ್ಲಿ ಹಲವು ತಮ್ಮ ಮೈಯೊಳಗೆ ಸೂಕ್ಷ್ಮ ಪಾಚಿಗಳನ್ನು ಸಾಕಿಕೊಂಡಿರುತ್ತವೆ. ಬೆಳಕು, ಉಪ್ಪು, ಶಾಖ ಯಾವುದು ಏರುಪೇರಾದರೂ ಸೊರಗುತ್ತವೆ. ಆದ್ದರಿಂದ ಅನುಭವಿಗಳು ಹೊಸ ತೊಟ್ಟಿಯಲ್ಲಿ ಅಮೋನಿಯ, ನೈಟ್ರೈಟ್ ಸೊನ್ನೆಗಿಳಿದ ಮೇಲೂ ಆರು ತಿಂಗಳು, ಕೆಲವರು ಒಂದು ವರ್ಷ ಕಾಯಿರಿ ಎನ್ನುತ್ತಾರೆ.

ಅದೇ 1854ರಲ್ಲಿ ಗಾಸ್ ಅಕ್ವೇರಿಯಂ ಕುರಿತ ಪುಸ್ತಕ ಪ್ರಕಟಿಸಿದ. ತಾನೇ ಬರೆದ ಬಣ್ಣದ ಚಿತ್ರಗಳಿದ್ದ ಆ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು, ಕಡಲ ತೀರದವರೆಗೆ ರೈಲು ಬಂದಿತ್ತು. ಮನೆಮನೆಯಲ್ಲೂ ಅಕ್ವೇರಿಯಂ ಹುಚ್ಚು. ಜನ ಬುಟ್ಟಿ, ಉಳಿ, ಸುತ್ತಿಗೆ ಹಿಡಿದು ತೀರಕ್ಕೆ ಬಂದರು. ಕಿತ್ತು ಒಯ್ದ ಜೀವಿಗಳಲ್ಲಿ ಎಷ್ಟೋ ಸಿದ್ಧವಿಲ್ಲದ ತೊಟ್ಟಿಗಳಲ್ಲಿ ಸತ್ತವು. ಪುಸ್ತಕ ಕೊಂಡವರೆಲ್ಲ ಕಾಯುವ ಪುಟವನ್ನು ಓದುತ್ತಾರೆಯೇ?

1857ರಲ್ಲಿ ಗಾಸ್‌ನ ಹೆಂಡತಿ ಎಮಿಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಎಂಟು ವರ್ಷದ ಮಗ ಎಡ್ಮಂಡ್‌ನನ್ನು ಕರೆದುಕೊಂಡು ಅವನು ಡೆವನ್ ತೀರದ ಸೇಂಟ್ ಮೇರಿಚರ್ಚ್‌ಗೆ ಬಂದು ನೆಲೆಸಿದ. ತಂದೆ ಮಗ ಸೊಂಟದ ನೀರಿನಲ್ಲಿ ನಿಂತು ಬಂಡೆಗಳ ಸಂದು ಹುಡುಕುತ್ತಿದ್ದರು. ಬ್ರಿಟನ್ನಿನ ಕಡಲ ಹೂವುಗಳ ಬಗ್ಗೆ ಅವನು ಬರೆದ ದೊಡ್ಡ ಗ್ರಂಥ 1860ರಲ್ಲಿ ಪೂರ್ಣವಾಯಿತು. ಅದರ ಚಿತ್ರಗಳನ್ನು ಇಂದಿಗೂ ವಿಜ್ಞಾನಿಗಳು ತೆರೆದು ನೋಡುತ್ತಾರೆ.

ಅಷ್ಟರಲ್ಲಿ ಅವನು ಬಾಯಿತುಂಬ ಹೊಗಳಿದ್ದ ಹೊಂಡಗಳು ಒಂದೊಂದಾಗಿ ಬರಿದಾಗುತ್ತ ಬಂದಿದ್ದವು. ತನ್ನ ಪುಸ್ತಕಗಳೇ ಇದಕ್ಕೆ ಕಾರಣವಾದವೆಂಬ ನೋವು ಅವನಿಗಿತ್ತು. ಗಾಸ್ 1888ರ ಆಗಸ್ಟ್ 23ರಂದು ಅದೇ ಊರಿನಲ್ಲಿ ತೀರಿಕೊಂಡ. ಮಗ ಎಡ್ಮಂಡ್ ಸಾಹಿತಿಯಾದ. 1907ರಲ್ಲಿ ತಂದೆಯ ಬಗ್ಗೆ ಬರೆದ ಪುಸ್ತಕದಲ್ಲಿ ಅವನು ಆ ಹೊಂಡಗಳನ್ನು ನೆನೆದಿದ್ದಾನೆ. ಚಿಕ್ಕಂದಿನಲ್ಲಿ ತಾನು ಕಂಡ ಆ ತುಂಬಿದ ಹೊಂಡಗಳನ್ನು ಇನ್ನು ಯಾರೂ ಕಾಣಲಾರರೆಂದು ಅದರಲ್ಲಿ ಬರೆದಿದ್ದಾನೆ.